ಮುಂಬೈ, ಸಿಂಗಪುರ, ಕೊಚ್ಚಿ: ಮನೆಮಂದಿಯ ಹಡಗು ಪ್ರವಾಸಕ್ಕೆ ಯಾವುದು ಸರಿ?

ದಸರಾ ರಜೆ, ಕ್ರಿಸ್‌ಮಸ್ ರಜೆ ಹತ್ತಿರ ಬಂತು ಅಂದರೆ ನನಗೆ ಒಂದೇ ಥರದ ಪ್ರಶ್ನೆಗಳು ಬರುತ್ತವೆ. "ನಾವು ಐದು ಜನ. ಅಮ್ಮನೂ ಬರ್ತಾರೆ. ಮುಂಬೈಯಿಂದ ಹೋಗೋಣ ಅಂತ ಇವರು, ಸಿಂಗಪುರವೇ ವಾಸಿ ಅಂತ ಮಗಳು. ಬಾಲ್ಕನಿ ಬೇಕಾ? ನಮ್ಮ ಊಟ ಸಿಗುತ್ತಾ?" ಇದನ್ನು ಫೋನಿನಲ್ಲಿ ಎರಡು ನಿಮಿಷದಲ್ಲಿ ಹೇಳಲು ಆಗುವುದಿಲ್ಲ. ಹಾಗಾಗಿ ಕೂತು ಬರೆದಿದ್ದೇನೆ.

ನಮ್ಮ ಮನೆಯವರು, ಇಬ್ಬರು ಮಕ್ಕಳು, ಅತ್ತೆ ಮತ್ತು ನಾನು ಎರಡು ಸಲ ಕ್ರೂಸ್‌ಗೆ ಹೋಗಿದ್ದೇವೆ. ಮೊದಲ ಸಲ ಹಡಗಿನ ಫೋಟೋ ನೋಡಿ ಬುಕ್ ಮಾಡಿದೆವು. ಎರಡನೇ ಸಲ ಅತ್ತೆಯ ಮಂಡಿನೋವು, ಅವರ ಊಟದ ಕಟ್ಟುನಿಟ್ಟು, ಚಿಕ್ಕವನ ನಿದ್ದೆ, ಈ ಮೂರನ್ನು ನೋಡಿ ಬುಕ್ ಮಾಡಿದೆವು. ಎರಡನೇ ಸಲ ಎಲ್ಲರೂ ನಗುತ್ತಾ ಇಳಿದೆವು. ಅದಕ್ಕೇ ಹೇಳುತ್ತೇನೆ, ಮನೆಯಲ್ಲಿ ಯಾರಿಗೆ ಹೊಂದಿಕೊಳ್ಳುವುದು ಎಲ್ಲರಿಗಿಂತ ಕಷ್ಟವೋ ಅವರಿಂದ ಲೆಕ್ಕ ಶುರು ಮಾಡಿ.

ಯಾವುದನ್ನು ನೋಡಿ ಆರಿಸಬೇಕು?

ನಾನು ಐದು ವಿಷಯ ನೋಡುತ್ತೇನೆ. ಮೊದಲನೆಯದು ನಡಿಗೆ: ಹತ್ತುವುದು, ಇಳಿಯುವುದು, ಸಾಲಿನಲ್ಲಿ ನಿಲ್ಲುವುದು ಎಷ್ಟಿದೆ ಅಂತ. ಎರಡನೆಯದು ಊಟ. ಮೂರನೆಯದು ಸಮುದ್ರ, ಅಂದರೆ ನೀವು ಹೋಗುವ ತಿಂಗಳಲ್ಲಿ ಆ ನೀರು ಶಾಂತವಾಗಿರುತ್ತದೆಯೇ ಅನ್ನುವುದು. ನಾಲ್ಕನೆಯದು ಕಾಗದಪತ್ರ ಮತ್ತು ರಜೆ. ಐದನೆಯದು ಹಣ. ಇಲ್ಲಿ ಹಣ ಅಂದರೆ ಟಿಕೆಟ್ ದರ ಅಲ್ಲ, ಮನೆ ಬಾಗಿಲಿನಿಂದ ಹೊರಟು ಮನೆ ಬಾಗಿಲಿಗೆ ಬರುವವರೆಗಿನ ಪೂರ್ತಿ ಖರ್ಚು.

ಹಣದ ಲೆಕ್ಕದಲ್ಲಿ ಜನ ಎಡವುವುದೇ ಜಾಸ್ತಿ. ಜಾಹೀರಾತಿನಲ್ಲಿ ಕಾಣುವ ದರ ಒಬ್ಬರಿಗೆ, ಅದೂ ಒಂದು ಕ್ಯಾಬಿನ್‌ನಲ್ಲಿ ಇಬ್ಬರು ಇದ್ದಾಗ. ಅದರ ಮೇಲೆ ಬಂದರು ಶುಲ್ಕ, ತೆರಿಗೆ, ಸರ್ವಿಸ್ ಚಾರ್ಜ್ ಸೇರುತ್ತವೆ. ಸಿಂಗಪುರದಿಂದ ಹೊರಡುವ ರಾಯಲ್ ಕೆರಿಬಿಯನ್ ಹಡಗುಗಳನ್ನೇ ತೆಗೆದುಕೊಳ್ಳಿ. ಸಾಮಾನ್ಯ ಕ್ಯಾಬಿನ್‌ಗೆ ಒಬ್ಬರಿಗೆ ದಿನಕ್ಕೆ 18 ಡಾಲರ್ ಆಸುಪಾಸು ಟಿಪ್ಸ್ ತಾನಾಗಿಯೇ ಬಿಲ್ಲಿಗೆ ಬರುತ್ತದೆ. ಮಕ್ಕಳಿಗೂ ಅಷ್ಟೇ. ನಾಲ್ಕು ಜನ, ನಾಲ್ಕು ರಾತ್ರಿ ಅಂದರೆ 288 ಡಾಲರ್. ನಮ್ಮ ದುಡ್ಡಿನಲ್ಲಿ 25 ಸಾವಿರ ರೂಪಾಯಿ ಆಸುಪಾಸು. ಇದು ಗೊತ್ತಿಲ್ಲದೆ ಹೋದರೆ ಕೊನೆಯ ದಿನ ಬಿಲ್ ನೋಡಿ ಮನಸ್ಸು ಕೆಡುತ್ತದೆ. ಇದಲ್ಲದೆ ವಿಮಾನ, ವೀಸಾ, ಹಿಂದಿನ ರಾತ್ರಿಯ ಹೋಟೆಲ್, ಬಂದರಿನಲ್ಲಿ ಸುತ್ತಾಟ, ವೈಫೈ ಇವೆ. ವಿದೇಶ ಪ್ಯಾಕೇಜನ್ನು ಇಲ್ಲಿನ ಏಜೆಂಟರ ಮೂಲಕ ತೆಗೆದುಕೊಂಡರೆ ಟಿಸಿಎಸ್ (ಪ್ಯಾಕೇಜ್ ಮಾರುವವರೇ ಹಿಡಿದುಕೊಳ್ಳುವ ತೆರಿಗೆ) ಕೂಡ ಕಟ್ಟಬೇಕು. ಅದನ್ನು ಆಮೇಲೆ ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಆದರೆ ಕೈಯಿಂದ ಹೋಗುವುದು ಈಗಲೇ.

ಮುಂಬೈಯಿಂದ

ಮೊದಲ ಸಲ ಹೋಗುವವರಿಗೆ, ಪಾಸ್‌ಪೋರ್ಟ್ ಇಲ್ಲದ ಹಿರಿಯರು ಇರುವ ಮನೆಗೆ, ನಾನು ಹೇಳುವುದು ಇದನ್ನೇ. 2021ರಿಂದ ಕೊರ್ಡೆಲಿಯಾ ಕಂಪನಿಯ 'ಎಂಪ್ರೆಸ್' ಹಡಗು ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆ ಓಡಾಡುತ್ತಿದೆ. ದೇಶದೊಳಗಿನ ಪ್ರಯಾಣಕ್ಕೆ ವೀಸಾ ಬೇಡ, ಫೋಟೋ ಇರುವ ಗುರುತಿನ ಚೀಟಿ ಸಾಕು. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ನೇರ ಮುಂಬೈಯ ಸಿಎಸ್‌ಎಂಟಿ ರೈಲು ನಿಲ್ದಾಣಕ್ಕೆ ಹೋಗುತ್ತದೆ. ಹಡಗು ಹತ್ತುವ ಬಲ್ಲಾರ್ಡ್ ಪಿಯರ್ ಅಲ್ಲಿಂದ ತೀರ ಹತ್ತಿರ. ವಿಮಾನದ ಖರ್ಚು ಉಳಿಸಬೇಕು ಅನ್ನುವವರಿಗೆ ಇದು ದೊಡ್ಡ ಅನುಕೂಲ. ಆದರೆ ರೈಲು ತಡವಾದರೆ ಹಡಗು ಕಾಯುವುದಿಲ್ಲ. ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ.

ಹಡಗು ಹಳೆಯದು. 1990ರಲ್ಲಿ ಫ್ರಾನ್ಸ್‌ನಲ್ಲಿ ಕಟ್ಟಿದ್ದು, ಆಗ ಅದರ ಹೆಸರು ನಾರ್ಡಿಕ್ ಎಂಪ್ರೆಸ್. ಆ ಕಾಲದ ಹಡಗುಗಳಲ್ಲಿ ಕ್ಯಾಬಿನ್ ಚಿಕ್ಕದು. ಒಳಗಿನ ಕ್ಯಾಬಿನ್ 120 ಚದರ ಅಡಿಯ ಆಸುಪಾಸು ಇರುತ್ತದೆ. ಬಾಲ್ಕನಿ ಇರುವ ಕೋಣೆಗಳೂ ಕಡಿಮೆ, ಅವು ದುಬಾರಿ ದರ್ಜೆಯಲ್ಲಿ ಬರುತ್ತವೆ. ದೊಡ್ಡ ವಾಟರ್ ಪಾರ್ಕ್ ಇರುತ್ತೆ ಅಂದುಕೊಂಡ ಮಕ್ಕಳಿಗೆ ನಿರಾಸೆ ಆಗಬಹುದು. ಚಿಕ್ಕ ಹಡಗಿನಿಂದ ಲಾಭವೂ ಇದೆ. ಅತ್ತೆಗೆ ಊಟದ ಜಾಗದಿಂದ ಕ್ಯಾಬಿನ್‌ಗೆ ಮೈಲಿಗಟ್ಟಲೆ ನಡೆಯಬೇಕಿಲ್ಲ. ಸುತ್ತ ಹಿಂದಿ, ಮರಾಠಿ, ಗುಜರಾತಿ ಕಿವಿಗೆ ಬೀಳುತ್ತದೆ. ಕೇಳಿದ್ದು ಅರ್ಥವಾಗುತ್ತದೆ, ಹೇಳಿದ್ದು ಅವರಿಗೂ ಅರ್ಥವಾಗುತ್ತದೆ. ಹಿರಿಯರಿಗೆ ಇದು ಎಷ್ಟು ಧೈರ್ಯ ಕೊಡುತ್ತದೆ ಅನ್ನುವುದನ್ನು ನಾವು ಮರೆತುಬಿಡುತ್ತೇವೆ.

ಗೋವಾ ಸೇರಿದ ಎರಡು ಮೂರು ರಾತ್ರಿಯ ಪ್ರವಾಸವೋ, ಲಕ್ಷದ್ವೀಪದವರೆಗಿನ ಉದ್ದದ್ದೋ ಅನ್ನುವುದು ಮುಂದಿನ ಪ್ರಶ್ನೆ. ಗೋವಾದಲ್ಲಿ ಹಡಗು ಮುರ್ಮಗೋವಾ ಬಂದರಿಗೇ ತಾಗಿ ನಿಲ್ಲುತ್ತದೆ, ನಡೆದು ಇಳಿಯಬಹುದು. ಲಕ್ಷದ್ವೀಪದಲ್ಲಿ ಹಾಗಲ್ಲ. ಹಡಗು ದೂರದಲ್ಲೇ ನಿಲ್ಲುತ್ತದೆ, ಚಿಕ್ಕ ದೋಣಿಗೆ ದಾಟಿ ದ್ವೀಪಕ್ಕೆ ಹೋಗಬೇಕು. ಅಲೆಗೆ ಏರಿಳಿಯುವ ದೋಣಿಗೆ ಕಾಲಿಡುವುದು ಮಂಡಿ ನೋಯುವವರಿಗೆ ನಿಜವಾಗಿಯೂ ಕಷ್ಟ. ಗಾಳಿ ಜೋರಾದರೆ ಆ ಇಳಿಯುವಿಕೆಯೇ ರದ್ದಾಗಬಹುದು. ರದ್ದಾದರೆ ಹಣ ಎಷ್ಟು ವಾಪಸ್ ಅಂತ ಬುಕ್ ಮಾಡುವ ಮೊದಲೇ ಓದಿ. ಹಿರಿಯರಿದ್ದರೆ ಗೋವಾ ಸಾಕು. ಗಟ್ಟಿ ಕಾಲಿನವರೇ ಹೋಗುವುದಾದರೆ ಲಕ್ಷದ್ವೀಪದ ನೀರಿನ ಬಣ್ಣ ನೋಡಲು ಹೋಗಲೇಬೇಕು.

ತಿಂಗಳು ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನಲ್ಲಿ ಅರಬ್ಬಿ ಸಮುದ್ರ ಒರಟು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸಾಮಾನ್ಯವಾಗಿ ಶಾಂತ. ಕರಾವಳಿಯ ಅಜ್ಜ ಅಜ್ಜಿಯರು ಹಿಂದೆ ಕಾರವಾರ, ಮಂಗಳೂರು ಕಡೆಯಿಂದ ಬೊಂಬಾಯಿಗೆ ಹಡಗಿನಲ್ಲೇ ಹೋಗುತ್ತಿದ್ದರಲ್ವಾ? ಮಳೆಗಾಲದಲ್ಲಿ ಆ ಹಡಗುಗಳೂ ನಿಲ್ಲುತ್ತಿದ್ದವು.

ಸಿಂಗಪುರದಿಂದ

ಮಕ್ಕಳು ಎಂಟು ಹತ್ತು ವರ್ಷ ದಾಟಿದ್ದರೆ, ಎಲ್ಲರಿಗೂ ಪಾಸ್‌ಪೋರ್ಟ್ ಇದ್ದರೆ, ಕೈಯಲ್ಲಿ ಒಂದು ವಾರ ಇದ್ದರೆ ಇದು ಒಳ್ಳೆಯ ಆಯ್ಕೆ. ಬೆಂಗಳೂರಿನಿಂದ ನೇರ ವಿಮಾನ ಇದೆ, ನಾಲ್ಕೂವರೆ ಗಂಟೆ ಆಸುಪಾಸು. ಆದರೆ ಸಿಂಗಪುರದ ಹಡಗುಗಳೆಲ್ಲ ಒಂದೇ ಥರ ಅಲ್ಲ.

ಸ್ಟಾರ್‌ಡ್ರೀಮ್ ಕಂಪನಿಯ (ಮೊದಲಿನ ಹೆಸರು ರೆಸಾರ್ಟ್ಸ್ ವರ್ಲ್ಡ್ ಕ್ರೂಸಸ್) 'ಗೆಂಟಿಂಗ್ ಡ್ರೀಮ್' 2016ರಲ್ಲಿ ಜರ್ಮನಿಯಲ್ಲಿ ಕಟ್ಟಿದ್ದು. ಒಂದೂವರೆ ಲಕ್ಷ ಟನ್ನೇಜಿನ ದೊಡ್ಡ ಹಡಗು. ಅರ್ಧಕ್ಕಿಂತ ಜಾಸ್ತಿ ಕ್ಯಾಬಿನ್‌ಗಳಿಗೆ ಬಾಲ್ಕನಿ ಇದೆ. ವಾಟರ್ ಸ್ಲೈಡ್‌ಗಳಿವೆ. ನಮ್ಮಂಥವರಿಗೆ ಇದರ ದೊಡ್ಡ ಆಕರ್ಷಣೆ ಭಾರತೀಯ ಸಸ್ಯಾಹಾರ ಮತ್ತು ಜೈನ್ ಊಟ. ಭಾರತದಿಂದ ಬರುವವರು ಜಾಸ್ತಿ ಇರುವುದರಿಂದ ಆ ಅಡುಗೆಯನ್ನು ಮನಸ್ಸಿಟ್ಟು ಮಾಡುತ್ತಾರೆ. ಪೆನಾಂಗ್, ಕೌಲಾಲಂಪುರದ ಬಂದರು ಪೋರ್ಟ್ ಕ್ಲಾಂಗ್, ಫುಕೆಟ್ ಕಡೆ ಹೋಗುತ್ತದೆ.

ರಾಯಲ್ ಕೆರಿಬಿಯನ್‌ನ ಕ್ವಾಂಟಮ್ ಮಾದರಿಯ ಹಡಗುಗಳು ಇನ್ನೂ ದೊಡ್ಡವು. ಗಾಳಿಯಲ್ಲಿ ತೇಲುವ ಆಟ, ಹಡಗಿನ ಮೇಲೆ ಎತ್ತರಕ್ಕೆ ಒಯ್ಯುವ ಗಾಜಿನ ಗೂಡು, ಇವೆಲ್ಲ ಹದಿಹರೆಯದ ಮಕ್ಕಳಿಗೆ ಹುಚ್ಚು ಹಿಡಿಸುತ್ತವೆ. ಮಕ್ಕಳ ಕ್ಲಬ್‌ಗೆ ಮೂರು ವರ್ಷ ತುಂಬಿರಬೇಕು, ಡೈಪರ್ ಬಿಟ್ಟಿರಬೇಕು. ಆರು ತಿಂಗಳೊಳಗಿನ ಕೂಸನ್ನು ಹಡಗಿಗೇ ಹತ್ತಿಸುವುದಿಲ್ಲ. ಹೆಸರಾಂತ ಡಿಸ್ನಿಯೂ ಈಗ ಸಿಂಗಪುರಕ್ಕೆ ಬಂದಿದೆ. ಅದರ 'ಡಿಸ್ನಿ ಅಡ್ವೆಂಚರ್' ಮೂರು ನಾಲ್ಕು ರಾತ್ರಿ ಯಾವ ಊರಿಗೂ ಹೋಗದೆ ಸಮುದ್ರದಲ್ಲೇ ಸುತ್ತಿ ಬರುವ ಹಡಗು. ಐದು ಆರು ವರ್ಷದ ಮಕ್ಕಳಿಗೆ ಅದು ಸ್ವರ್ಗ. ಹೊಸ ಊರು ನೋಡಬೇಕು ಅನ್ನುವ ಹಿರಿಯರಿಗೆ ಅಲ್ಲ.

ಹೊಟ್ಟೆ ತೊಳಸುವವರಿಗೆ ಒಂದು ಸಮಾಧಾನದ ಮಾತಿದೆ. ಸಿಂಗಪುರದಿಂದ ಪೆನಾಂಗ್‌ವರೆಗಿನ ದಾರಿ ಮಲಕ್ಕಾ ಜಲಸಂಧಿ. ಒಂದು ಕಡೆ ಮಲೇಷ್ಯಾ, ಇನ್ನೊಂದು ಕಡೆ ಸುಮಾತ್ರಾ. ಹಿಂದೂ ಮಹಾಸಾಗರದ ದೊಡ್ಡ ಅಲೆಗಳನ್ನು ಸುಮಾತ್ರಾ ತಡೆಯುತ್ತದೆ. ಹಾಗಾಗಿ ಅಲುಗಾಟ ಕಡಿಮೆ. ಫುಕೆಟ್ ಅಂಡಮಾನ್ ಸಮುದ್ರದಲ್ಲಿದೆ, ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅಲ್ಲಿ ಅಲೆ ಜಾಸ್ತಿ. ಬೇಸಿಗೆ ರಜೆಯ ಕೊನೆಯಲ್ಲಿ ಹೋಗುವುದಾದರೆ ಪೆನಾಂಗ್ ಮಾರ್ಗ ಹಿಡಿಯಿರಿ. ಪೆನಾಂಗ್‌ನಲ್ಲಿ ಹಡಗು ಜಾರ್ಜ್‌ಟೌನ್ ಊರಿನ ಅಂಚಿಗೇ ನಿಲ್ಲುತ್ತದೆ. ಹತ್ತು ಹದಿನೈದು ನಿಮಿಷ ನಡೆದರೆ ಲಿಟಲ್ ಇಂಡಿಯಾ, ಮಾರಿಯಮ್ಮನ ಗುಡಿ, ಬಾಳೆಎಲೆ ಊಟ. ಪೋರ್ಟ್ ಕ್ಲಾಂಗ್‌ನಿಂದ ಕೌಲಾಲಂಪುರ ಮಾತ್ರ ಒಂದು ಗಂಟೆಯ ದಾರಿ. ಟ್ರಾಫಿಕ್ ಸಿಕ್ಕರೆ ಇನ್ನೂ ಹೊತ್ತು. ಹಿರಿಯರಿದ್ದರೆ ಆ ದಿನ ಹಡಗಿನಲ್ಲೇ ಉಳಿಯಿರಿ. ಎಲ್ಲರೂ ಇಳಿದು ಹೋದ ಮೇಲೆ ಹಡಗು ತಣ್ಣಗಿರುತ್ತದೆ.

ಕಾಗದಪತ್ರದಲ್ಲಿ ಒಂದು ಅಪಾಯ ಇದೆ. ಸಿಂಗಪುರಕ್ಕೆ ನಮಗೆ ವೀಸಾ ಬೇಕು. ಹಡಗಿನಲ್ಲಿ ಹೊರಗೆ ಹೋಗಿ ಮತ್ತೆ ಸಿಂಗಪುರದಲ್ಲಿ ಇಳಿಯುವುದು ಎರಡನೇ ಪ್ರವೇಶ. ಆದ್ದರಿಂದ ವೀಸಾ ಮಲ್ಟಿಪಲ್ ಎಂಟ್ರಿ ಆಗಿದೆಯಾ ಅಂತ ಕಣ್ಣಾರೆ ನೋಡಿ. ಹಡಗು ನಿಲ್ಲುವ ದೇಶಗಳ ನಿಯಮವನ್ನೂ ಹೊರಡುವ ತಿಂಗಳಲ್ಲೇ ಮತ್ತೊಮ್ಮೆ ನೋಡಿಕೊಳ್ಳಿ. ಸಿಂಗಪುರದ ಅರೈವಲ್ ಕಾರ್ಡ್ ಉಚಿತ. ಅದಕ್ಕೆ ಹಣ ಕೇಳುವ ವೆಬ್‌ಸೈಟ್‌ಗಳಿಗೆ ಮೋಸ ಹೋಗಬೇಡಿ.

ಕೊಚ್ಚಿಯಿಂದ

ಇದು ಬೇರೆಯೇ ಬಗೆ. ಲಕ್ಷದ್ವೀಪ ಆಡಳಿತದ ಪ್ರವಾಸೋದ್ಯಮ ಸಂಸ್ಥೆ 'ಸ್ಪೋರ್ಟ್ಸ್' ನಡೆಸುವ 'ಸಮುದ್ರಂ' ಪ್ಯಾಕೇಜ್. ಸುಮಾರು 700 ಜನರ ಎಂವಿ ಕವರತ್ತಿ ಹಡಗಿನಲ್ಲಿ ಐದು ದಿನ. ರಾತ್ರಿ ಹಡಗಿನಲ್ಲಿ ನಿದ್ದೆ, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ. ಕ್ಯಾಸಿನೋ, ವಾಟರ್ ಸ್ಲೈಡ್ ಏನೂ ಇಲ್ಲ. ಆದರೆ ದ್ವೀಪದಲ್ಲಿ ಕಳೆಯುವ ಹೊತ್ತು ಇಲ್ಲಿ ಜಾಸ್ತಿ. ಪ್ರವೇಶ ಪರವಾನಗಿ ಬೇಕು. ಹಡಗು ಆ ತಿಂಗಳು ಓಡುತ್ತಿದೆಯಾ ಅಂತ ಮೊದಲೇ ವಿಚಾರಿಸಿ. ದೋಣಿಗೆ ದಾಟುವ ಕಷ್ಟ ಇಲ್ಲೂ ಇದೆ. ನೀರಿನೊಳಗಿನ ಹವಳ, ಮೀನು ನೋಡುವ ಆಸೆ ಇರುವ ದೊಡ್ಡ ಮಕ್ಕಳಿದ್ದರೆ, ಸವಲತ್ತು ಕಡಿಮೆ ಆದರೂ ಪರವಾಗಿಲ್ಲ ಅನ್ನುವ ಮನೆಯಾದರೆ, ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ.

ಕ್ಯಾಬಿನ್

ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್, ಕಿಟಕಿ ಇರುವುದು, ಬಾಲ್ಕನಿ ಇರುವುದು, 'ಸ್ವೀಟ್' ಅನ್ನುವ ದೊಡ್ಡ ಕೋಣೆ. ದರ ಈ ಕ್ರಮದಲ್ಲಿ ಏರುತ್ತದೆ. ಎಲ್ಲರೂ ಕೇಳುವುದು ಬಾಲ್ಕನಿ ಬೇಕಾ ಅಂತ. ನಾನು ತಿರುಗಿ ಕೇಳುವುದು, ಬಾತ್‌ರೂಮ್ ಎಷ್ಟು ಬೇಕು ಅಂತ.

ನಾಲ್ಕು ಜನ ಒಂದೇ ಕ್ಯಾಬಿನ್‌ನಲ್ಲಿ ಇರಬಹುದು. ಗೋಡೆ ಅಥವಾ ಚಾವಣಿಯಿಂದ ಎರಡು ಮೇಲಿನ ಹಾಸಿಗೆ ಇಳಿಯುತ್ತವೆ, ರೈಲಿನ ಅಪ್ಪರ್ ಬರ್ತ್ ಥರ. ಮೂರನೆಯವರು, ನಾಲ್ಕನೆಯವರಿಗೆ ದರವೂ ಕಡಿಮೆ. ಜೇಬಿಗೆ ಇದು ಹಿತ. ಆದರೆ ಬೆಳಿಗ್ಗೆ ಬಂದರಿಗೆ ಇಳಿಯುವ ದಿನ ನಾಲ್ಕು ಜನಕ್ಕೆ ಒಂದೇ ಬಾತ್‌ರೂಮ್! ಬಾಗಿಲು ಬಡಿಯುವುದೇ ಕೆಲಸ. ಅಜ್ಜಿಯೋ ತಾತನೋ ಜೊತೆಗಿದ್ದರೆ, ಒಂದು ಬಾಲ್ಕನಿ ಕ್ಯಾಬಿನ್‌ಗಿಂತ ಎರಡು ಒಳಗಿನ ಕ್ಯಾಬಿನ್ ಮೇಲು. ಖರ್ಚು ಕೆಲವೊಮ್ಮೆ ಹತ್ತಿರ ಹತ್ತಿರ ಬರುತ್ತದೆ, ಎರಡಕ್ಕೂ ದರ ಕೇಳಿ ಹೋಲಿಸಿ.

ಎರಡನೇ ಸಲ ನಾವು ಮಾಡಿದ್ದು ಹೀಗೆ. ಅತ್ತೆ ಮತ್ತು ಮಗಳಿಗೆ ಬಾಲ್ಕನಿ ಕ್ಯಾಬಿನ್. ಅದರ ಎದುರಿಗೇ, ನಡುವೆ ಕಾರಿಡಾರ್ ಮಾತ್ರ ಇರುವಂತೆ, ನಮಗೆ ಮತ್ತು ಚಿಕ್ಕವನಿಗೆ ಒಳಗಿನ ಕ್ಯಾಬಿನ್. ಅತ್ತೆ ಜಾಸ್ತಿ ಓಡಾಡುವುದಿಲ್ಲ. ಬೆಳಿಗ್ಗೆ ಕಾಫಿ ಹಿಡಿದು ಸಮುದ್ರ ನೋಡುತ್ತಾ ಕೂರುವುದೇ ಅವರ ಪ್ರವಾಸ. ನಾವೆಲ್ಲ ಹಗಲು ಅಲ್ಲೇ ಸೇರುತ್ತಿದ್ದೆವು. ನಮ್ಮ ಕ್ಯಾಬಿನ್ ಕತ್ತಲೆ, ಚಿಕ್ಕವನು ಚೆನ್ನಾಗಿ ಮಲಗಿದ. ಬಾಲ್ಕನಿಗೆ ಒಂದೇ ಸಲ ಹಣ ಕೊಟ್ಟೆವು, ಐದೂ ಜನ ಅನುಭವಿಸಿದೆವು. ನಡುವೆ ಬಾಗಿಲು ಇರುವ ಜೋಡಿ ಕ್ಯಾಬಿನ್‌ಗಳೂ ಸಿಗುತ್ತವೆ, ಆದರೆ ಅವು ಬೇಗ ಖಾಲಿ ಆಗುತ್ತವೆ. ತೀರ ಚಿಕ್ಕ ಮಕ್ಕಳಿದ್ದರೆ ಬಾಲ್ಕನಿ ಬಾಗಿಲಿನ ಚಿಲಕ ಸದಾ ಹಾಕಿರಲಿ, ಕುರ್ಚಿ ಕಂಬಿಯ ಹತ್ತಿರ ಇರದಿರಲಿ.

ಜಾಗ ಆರಿಸುವಾಗ ಡೆಕ್ ನಕ್ಷೆ, ಅಂದರೆ ಹಡಗಿನ ಮಹಡಿಗಳ ನಕ್ಷೆ, ತೆರೆದು ನೋಡಿ. ಹಡಗಿನ ಮಧ್ಯಭಾಗ, ಕೆಳಗಿನ ಡೆಕ್, ಅಲ್ಲಿ ಅಲುಗಾಟ ಕಡಿಮೆ. ಪಾರ್ಕಿನ ಸೀಸಾ ಹಲಗೆಯಂತೆಯೇ, ಮಧ್ಯಕ್ಕಿಂತ ತುದಿ ಜಾಸ್ತಿ ತೂಗುತ್ತದೆ. ಲಿಫ್ಟ್ ಹತ್ತಿರ ಇರಲಿ, ಆದರೆ ಬಾಗಿಲಿಗೆ ಬಾಗಿಲು ತಾಗುವಷ್ಟು ಬೇಡ. ಮೇಲೆ ಕೆಳಗೆ ಎರಡೂ ಕಡೆ ಕ್ಯಾಬಿನ್‌ಗಳೇ ಇರುವ ಡೆಕ್ ಆರಿಸಿ. ಮೊದಲ ಸಲ ನಾವು ಇದನ್ನು ನೋಡಲಿಲ್ಲ. ಕುಣಿಯುವ ಹಾಲ್‌ನ ಕೆಳಗೆ ಸಿಕ್ಕಿತು. ರಾತ್ರಿ ಒಂದು ಗಂಟೆಯವರೆಗೆ ತಲೆಯ ಮೇಲೆ ದಬದಬ. ಅತ್ತೆ ಮೂರು ರಾತ್ರಿ ನಿದ್ದೆ ಮಾಡಲಿಲ್ಲ. 'ಗ್ಯಾರಂಟಿ' ಕ್ಯಾಬಿನ್ ಅಂತ ಅಗ್ಗಕ್ಕೆ ಕೊಡುತ್ತಾರಲ್ಲ, ಅದರಲ್ಲಿ ದರ್ಜೆ ಮಾತ್ರ ಗ್ಯಾರಂಟಿ, ಜಾಗ ಅವರ ಇಷ್ಟ. ಇಬ್ಬರೇ ಹೋಗುವಾಗ ತೆಗೆದುಕೊಳ್ಳಿ. ಹಿರಿಯರ ಜೊತೆ ಬೇಡ.

ಊಟ

ಟಿಕೆಟ್‌ನಲ್ಲೇ ಸೇರಿರುವುದು ಸಾಮಾನ್ಯವಾಗಿ ಎರಡು ಕಡೆಯ ಊಟ. ಒಂದು ಬಫೆ. ಇನ್ನೊಂದು ಮುಖ್ಯ ಊಟದ ಹಾಲ್, ಅಲ್ಲಿ ಕೂತಲ್ಲಿಗೆ ತಂದು ಬಡಿಸುತ್ತಾರೆ. ಇದಲ್ಲದೆ ಹಣ ಕೊಟ್ಟು ಉಣ್ಣುವ ವಿಶೇಷ ರೆಸ್ಟೋರೆಂಟ್‌ಗಳಿವೆ. ಅವುಗಳ ಪ್ಯಾಕೇಜನ್ನು ಮೊದಲೇ ಕೊಂಡುಕೊಳ್ಳಿ ಅಂತ ಏಜೆಂಟರು ಒತ್ತಾಯ ಮಾಡುತ್ತಾರೆ. ಸಸ್ಯಾಹಾರಿ ಮನೆಗೆ ಅದು ನಷ್ಟ. ಅಲ್ಲಿನ ದರ ಮಾಂಸ, ಮೀನಿನ ಲೆಕ್ಕದ್ದು.

ಮಂಡಿನೋವಿನವರಿಗೆ ಬಫೆ ಕಷ್ಟ. ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಕು, ಜಾಗ ಹುಡುಕಬೇಕು. ಮಕ್ಕಳಿಗೆ ಬಫೆಯೇ ಇಷ್ಟ, ಬೇಕಾದ್ದು ಕಣ್ಣಿಗೆ ಕಾಣುತ್ತದೆ, ಕಾಯಬೇಕಿಲ್ಲ. ನಾವು ಬೆಳಿಗ್ಗೆ ಬಫೆ, ರಾತ್ರಿ ಹಾಲ್ ಅಂತ ಮಾಡಿಕೊಂಡೆವು.

ವಿದೇಶಿ ಹಡಗಿನಲ್ಲಿ 'ವೆಜಿಟೇರಿಯನ್' ಅಂದರೆ ಮೊಟ್ಟೆ ಸೇರಿರಬಹುದು. ಆಗ್ನೇಯ ಏಷ್ಯಾದ ಅಡುಗೆಯಲ್ಲಿ ಬರೀ ತರಕಾರಿ ಪಲ್ಯಕ್ಕೂ ಮೀನಿನ ಸಾಸ್, ಸಿಂಪಿ ಸಾಸ್ ಹಾಕುವುದು ಸಾಮಾನ್ಯ. ಬುಕ್ ಮಾಡುವಾಗಲೇ 'ಇಂಡಿಯನ್ ವೆಜಿಟೇರಿಯನ್' ಅಥವಾ 'ಜೈನ್' ಅಂತ ಬರೆಸಿ, ಬರೆದದ್ದನ್ನು ಈಮೇಲ್‌ನಲ್ಲಿ ತರಿಸಿಕೊಳ್ಳಿ. ಹತ್ತಿದ ಮೊದಲ ಸಂಜೆಯೇ ಊಟದ ಹಾಲ್‌ನ ಮುಖ್ಯ ವೇಟರ್ ಹತ್ತಿರ ಮತ್ತೆ ಹೇಳಿ. ಹಿಂದಿನ ದಿನ ಹೇಳಿದರೆ ಮಾರನೇ ದಿನಕ್ಕೆ ಮಾಡಿಕೊಡುತ್ತಾರೆ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿಗೆ 'ಜೈನ್' ಅನ್ನುವ ಒಂದೇ ಮಾತು ಅರ್ಧ ಕೆಲಸ ಮಾಡುತ್ತದೆ. ಆದರೆ ಜೈನ್ ಅಡುಗೆಯಲ್ಲಿ ಆಲೂಗಡ್ಡೆಯೂ ಇರುವುದಿಲ್ಲ, ಮಕ್ಕಳಿಗೆ ಅದನ್ನೇ ಬರೆಸಬೇಡಿ.

ಮುಂಬೈ ಹಡಗಿನಲ್ಲಿ ಈ ಚಿಂತೆ ಇಲ್ಲವೇ ಇಲ್ಲ ಅನ್ನಬಹುದು. ಆದರೆ ಅಲ್ಲೂ ಉತ್ತರ ಭಾರತದ ರುಚಿ ಜಾಸ್ತಿ. ಅತ್ತೆಯಂಥವರಿಗೆ ಮೂರನೇ ದಿನ ಪನೀರ್ ಸಾಕಾಗುತ್ತದೆ. ಚಟ್ನಿಪುಡಿ, ಉಪ್ಪಿನಕಾಯಿಯ ಪ್ಯಾಕೆಟ್ ಇರಲಿ. ಬೆಳಗಿನ ಬಫೆಯ ಸಪ್ಪೆ ಮೊಸರು, ಕೇಳಿದರೆ ಕೊಡುವ ಬಿಳಿ ಅನ್ನ, ಎರಡೂ ಸೇರಿದರೆ ಮೊಸರನ್ನ ಆಯಿತು. ಮನೆಯಲ್ಲಿ ಮಾಡಿದ ಅಡುಗೆ ಒಯ್ಯಲು ಬಹಳ ಹಡಗುಗಳಲ್ಲಿ ಬಿಡುವುದಿಲ್ಲ, ಸೀಲ್ ಆದ ಪ್ಯಾಕೆಟ್ ತಿಂಡಿ ಒಯ್ಯಬಹುದು. ಎಲೆಕ್ಟ್ರಿಕ್ ಕೆಟಲ್, ಚಿಕ್ಕ ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗೆ ಬೇಡವೇ ಬೇಡ. ಹಡಗಿನಲ್ಲಿ ಬೆಂಕಿಯಷ್ಟು ಭಯ ಬೇರೆ ಯಾವುದಕ್ಕೂ ಇಲ್ಲ, ಬಾಗಿಲಲ್ಲೇ ತೆಗೆದಿಡುತ್ತಾರೆ.

ಊಟದ ಹೊತ್ತಿನ ಬಗ್ಗೆ ಯಾರೂ ಹೇಳದ ಒಂದು ಮಾತು. ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಸಂಜೆ ಆರಕ್ಕೆ ಊಟ ಅಂತ ಮೊದಲ ಪಂಕ್ತಿ ಬರೆಸಿದರೆ ಮಕ್ಕಳ ಹೊಟ್ಟೆಗೆ ಅದು ಮಧ್ಯಾಹ್ನ ಮೂರೂವರೆ. ಯಾರೂ ತಿನ್ನುವುದಿಲ್ಲ. ಎರಡನೇ ಪಂಕ್ತಿ, ಅಂದರೆ ಎಂಟು ಗಂಟೆ ಹೊತ್ತಿನದು ಬರೆಸಿ. ಅದು ನಮ್ಮ ಐದೂವರೆ, ಆಟ ಆಡಿ ಬಂದವರಿಗೆ ಹಸಿವೆ ಇರುತ್ತದೆ.

ಕುಡಿಯುವ ನೀರು, ಬಫೆಯ ಕಾಫಿ, ಟೀ ಸಾಮಾನ್ಯವಾಗಿ ಉಚಿತ. ತಂಪು ಪಾನೀಯ, ಮದ್ಯಕ್ಕೆ ಬೇರೆ ಹಣ. ಮದ್ಯದ ಪ್ಯಾಕೇಜ್ ಒಬ್ಬರು ತೆಗೆದುಕೊಂಡರೆ ಅದೇ ಕ್ಯಾಬಿನ್‌ನ ಉಳಿದ ದೊಡ್ಡವರೂ ತೆಗೆದುಕೊಳ್ಳಲೇಬೇಕು ಅನ್ನುವ ನಿಯಮ ಕೆಲವು ಕಂಪನಿಗಳಲ್ಲಿದೆ, ನೋಡಿಕೊಳ್ಳಿ.

ಹಣ ಕಟ್ಟುವ ಮೊದಲು, ಹೊರಡುವ ದಿನ

ಏಜೆಂಟರ ಹತ್ತಿರ ಮೂರು ವಿಷಯ ಬರಹದಲ್ಲಿ ತೆಗೆದುಕೊಳ್ಳಿ. ಕ್ಯಾಬಿನ್ ಸಂಖ್ಯೆ ಏನು. ತೆರಿಗೆ, ಬಂದರು ಶುಲ್ಕ, ಟಿಪ್ಸ್ ಯಾವುದು ಸೇರಿದೆ, ಯಾವುದು ಇಲ್ಲ. ರದ್ದು ಮಾಡಿದರೆ ಯಾವ ದಿನಾಂಕದವರೆಗೆ ಎಷ್ಟು ವಾಪಸ್. ಬಸುರಿ ಹೆಂಗಸರು ಇದ್ದರೆ ಅದನ್ನೂ ಮೊದಲೇ ಹೇಳಿ, 24 ವಾರಕ್ಕೆ ಕಾಲಿಟ್ಟ ಮೇಲೆ ಬಹಳ ಕಂಪನಿಗಳು ಹತ್ತಿಸುವುದಿಲ್ಲ.

ಹಡಗು ಹತ್ತುವ ದಿನ ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲೇ ತೆಗೆದುಕೊಳ್ಳುತ್ತಾರೆ. ಅವು ಕ್ಯಾಬಿನ್ ಬಾಗಿಲಿಗೆ ಬರುವಾಗ ಸಂಜೆ ಆಗಿರುತ್ತದೆ. ಅಲ್ಲಿಯವರೆಗೆ ಬೇಕಾದ್ದೆಲ್ಲ ಕೈಚೀಲದಲ್ಲಿ ಇಟ್ಟುಕೊಳ್ಳಿ: ಹಿರಿಯರ ಮಧ್ಯಾಹ್ನದ ಮಾತ್ರೆ, ಡಾಕ್ಟರ್ ಚೀಟಿ, ವಾಂತಿ ತಡೆಯುವ ಮಾತ್ರೆ, ಮಕ್ಕಳ ಈಜು ಬಟ್ಟೆ, ಪಾಸ್‌ಪೋರ್ಟ್‌ಗಳು. ವಾಂತಿ ಮಾತ್ರೆಯನ್ನು ಡಾಕ್ಟರ್ ಹತ್ತಿರ ಕೇಳಿಯೇ ತೆಗೆದುಕೊಳ್ಳಿ, ತಲೆ ಸುತ್ತು ಶುರುವಾಗುವ ಮೊದಲೇ ನುಂಗಬೇಕು. ದಡ ಬಿಟ್ಟ ಕೂಡಲೇ ಎಲ್ಲರ ಫೋನನ್ನೂ ಏರೋಪ್ಲೇನ್ ಮೋಡ್‌ಗೆ ಹಾಕಿ. ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್‌ಗೆ ಫೋನ್ ತಾನಾಗಿಯೇ ಸೇರಿಕೊಂಡರೆ ರೋಮಿಂಗ್ ಬಿಲ್ ಸಾವಿರಗಟ್ಟಲೆ ಬರಬಹುದು. ಹಿರಿಯರ ಫೋನಿಗೆ ಇದನ್ನು ನೀವೇ ನಿಂತು ಮಾಡಿಕೊಡಿ.